ಗುರುಗ್ರಹಕ್ಕೆ ಗಡ್ಡ ಬಂದ ಕಥೆ

2024ರ ಡಿಸೆಂಬರ್ 7, ಶನಿವಾರ. ಗುರುಗ್ರಹ ಸೂರ್ಯನಿಗೆ ನೇರ ಎದುರು ಬಂದಿದ್ದ ರಾತ್ರಿ. ವೃಷಭ ರಾಶಿಯಲ್ಲಿ, ರೋಹಿಣಿಗಿಂತ ಸ್ವಲ್ಪ ಆಚೆ, ಬೆಂಗಳೂರಿನ ಹೊಗೆ ಬೆಳಕು ಯಾವುದಕ್ಕೂ ಕ್ಯಾರೇ ಅನ್ನದೆ ಹೊಳೆಯುತ್ತಿತ್ತು. ನಾಲ್ಕು ತಿಂಗಳ ವಾರಾಂತ್ಯಗಳನ್ನೆಲ್ಲ ತಿಂದು ಮುಗಿಸಿದ್ದ ನನ್ನ ಹೊಸ 8 ಇಂಚಿನ ಟೆಲಿಸ್ಕೋಪನ್ನು ಅಂದೇ ಮೊದಲ ಸಲ ತಾರಸಿಗೆ ಹೊತ್ತು ತಂದಿದ್ದೆ. ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಲೆನ್ಸ್, ಹಾಕಿದೆ, ಫೋಕಸ್ ತಿರುಗಿಸಿದೆ, ಕಣ್ಣಿಟ್ಟೆ. ಗುರುವಿಗೆ ಒಂದು ಪಕ್ಕ ಗಡ್ಡ ಬೆಳೆದಿತ್ತು.

ತಮಾಷೆಗೆ ಹೇಳುತ್ತಿಲ್ಲ. ಬಿಲ್ಲೆಯ ಒಂದು ಕಡೆ ಅಂಚು ಪರವಾಗಿರಲಿಲ್ಲ. ಇನ್ನೊಂದು ಕಡೆ ಮಂಕು ಬೆಳಕು ಗ್ರಹದ ಅಗಲದ ಐದನೇ ಒಂದು ಭಾಗದಷ್ಟು ಆಚೆ ಚಾಚಿಕೊಂಡಿತ್ತು. ಪಕ್ಕದಲ್ಲಿದ್ದ ಉಪಗ್ರಹಗಳು ಚಿಕ್ಕ ಚುಕ್ಕಿಗಳಾಗಿ ಕಾಣಬೇಕಿತ್ತು, ಅಲ್ವಾ? ಅವು ಗೊದಮೊಟ್ಟೆಗಳ ಹಾಗಿದ್ದವು. ತಲೆ ಒಂದು ಕಡೆ, ಬಾಲ ಒಂದು ಕಡೆ, ಎಲ್ಲವೂ ಒಂದೇ ದಿಕ್ಕಿಗೆ ಈಜುತ್ತಿದ್ದವು.

ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗ ಬಂದಿದ್ದ. ನನ್ನ ಹಳೇ 6 ಇಂಚಿನ ಟೆಲಿಸ್ಕೋಪಿನಲ್ಲಿ ನೋಡಿ ಅಭ್ಯಾಸ ಇದ್ದವನು. ಬಹಳ ಹೊತ್ತು ಕಣ್ಣಿಟ್ಟು ನೋಡಿದ. ಆಮೇಲೆ ಮೆಲ್ಲಗೆ, 'ಅಂಕಲ್, ಹಳೇದೇ ಚೆನ್ನಾಗಿತ್ತು' ಅಂದ.

ಅವನು ಹೇಳಿದ್ದು ನಿಜ. ಆ ಹಳೇದರ ಕನ್ನಡಿಯನ್ನು ನಾನೇ ಕೈಯಾರೆ ಉಜ್ಜಿದ್ದೆ. ಡ್ರಮ್ಮಿನ ಮೇಲೆ ಗಾಜಿಟ್ಟು, ಕಾರ್ಬೊರಂಡಮ್ ಪುಡಿ ಹಾಕಿ, ಸುತ್ತ ನಡೆಯುತ್ತಾ ತಿಂಗಳುಗಟ್ಟಲೆ ಉಜ್ಜಿದ ಕನ್ನಡಿ. 150 ಮಿ.ಮೀ. ಅಗಲ, 1200 ಮಿ.ಮೀ. ನಾಭಿ ದೂರ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ), ಅಂದರೆ ಅಗಲದ ಎಂಟು ಪಟ್ಟು, ಎಫ್/8. ಅಷ್ಟೆಲ್ಲ ಉಜ್ಜಿದರೂ ನಡುವಿನ ಗುಂಡಿಯ ಆಳ ಬರೀ 1.2 ಮಿ.ಮೀ. ಅದರ ಕನ್ನಡಿಗಳನ್ನು, ಅಂದರೆ ತಳದ ದೊಡ್ಡದನ್ನೂ ಬಾಯಿಯ ಸಣ್ಣದನ್ನೂ, ಒಂದಕ್ಕೊಂದು ನೇರವಾಗಿ ಜೋಡಿಸಲು ನಾನು ತಲೆ ಕೆಡಿಸಿಕೊಂಡದ್ದೇ ಇಲ್ಲ. ಫಿಲ್ಮ್ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು ಫೋಕಸರಿಗೆ (ಐಪೀಸ್ ಕೂರಿಸುವ ಪುಟ್ಟ ಕೊಳವೆಗೆ) ಸಿಕ್ಕಿಸಿ, ಒಳಗೆ ಇಣುಕಿ, 'ಹೂಂ, ನಡುವೆ ಇದೆ' ಅನ್ನಿಸಿದರೆ ಮುಗೀತು. ತೊಂದರೆ ಏನಿದ್ದರೂ ಉದ್ದದ್ದು. ನನ್ನ ಎದೆ ಮಟ್ಟ ಬರುವ ಕೊಳವೆ ಮೆಟ್ಟಿಲಿನ ತಿರುವಿನಲ್ಲಿ ತಿರುಗುತ್ತಿರಲಿಲ್ಲ, ಕಾರಿನ ಹಿಂದಿನ ಸೀಟಿಗೂ ಹಿಡಿಸುತ್ತಿರಲಿಲ್ಲ. ಊರ ಹೊರಗೆ ಕತ್ತಲೆ ಹುಡುಕಿಕೊಂಡು ಹೋಗಬೇಕೆಂದರೆ ಅದನ್ನು ಬಿಟ್ಟೇ ಹೋಗಬೇಕು.

ಅದಕ್ಕೇ ಹೊಸದನ್ನು ಗಿಡ್ಡ ಮಾಡಿದೆ. 200 ಮಿ.ಮೀ. ಕನ್ನಡಿ, 800 ಮಿ.ಮೀ. ನಾಭಿ ದೂರ, ಎಫ್/4. ಇಷ್ಟು ಆಳದ ಪ್ಯಾರಾಬೋಲಾ ಉಜ್ಜುವ ಧೈರ್ಯ ನನಗಿರಲಿಲ್ಲ, ಕನ್ನಡಿಯನ್ನು ಕೊಂಡೆ. ಉಳಿದದ್ದೆಲ್ಲ ಕೈಕೆಲಸ. 12 ಮಿ.ಮೀ. ಪ್ಲೈವುಡ್ಡಿನ ಚೌಕ ಕೊಳವೆ. ಕೆಳಗೆ ಡಾಬ್ಸನ್ ಪೀಠ, ಅಂದರೆ ಮರದ ಪೆಟ್ಟಿಗೆ, ಜಾರುವ ಟೆಫ್ಲಾನ್ ತುಂಡು, ಕೈಯಿಂದ ತಳ್ಳಿದರೆ ತಿರುಗುತ್ತದೆ. ಈ ಪೀಠವನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಆಶ್ರಮದಲ್ಲಿ ಸನ್ಯಾಸಿಯಾಗಿದ್ದವರು. ಆಶ್ರಮದಲ್ಲಿದ್ದುಕೊಂಡೇ ಟೆಲಿಸ್ಕೋಪ್ ಮಾಡುವ ಹುಚ್ಚು ಹತ್ತಿಸಿಕೊಂಡು, ಕೊನೆಗೆ 1967ರಲ್ಲಿ ಆಶ್ರಮದಿಂದ ಹೊರಬಿದ್ದರು. ನನ್ನ ಮನೆಯಲ್ಲಿ ಇನ್ನೂ ಆ ಹಂತ ಬಂದಿಲ್ಲ.

ಎಫ್/8ರಿಂದ ಎಫ್/4ಕ್ಕೆ ಬಂದರೆ ಜೋಡಣೆ ಸ್ವಲ್ಪ ಕಷ್ಟ ಆಗುತ್ತದೆ ಅಂತ ಗೊತ್ತಿತ್ತು. ಎರಡು ಪಟ್ಟು ಅಂದುಕೊಂಡಿದ್ದೆ. ಲೆಕ್ಕ ಹಾಗಿಲ್ಲ.

ಪ್ಯಾರಾಬೋಲಾ ಕನ್ನಡಿ ತುಂಬಾ ಒಳ್ಳೇದು, ಆದರೆ ಒಂದೇ ಒಂದು ಜಾಗದಲ್ಲಿ. ಅದರ ಅಕ್ಷ ನಾಭಿಯನ್ನು ಮುಟ್ಟುವ ಬಿಂದುವಿನಲ್ಲಿ ನಕ್ಷತ್ರ ಚುಕ್ಕಿಯಾಗಿ ಮೂಡುತ್ತದೆ. ಅಲ್ಲಿಂದ ಪಕ್ಕಕ್ಕೆ ಸರಿದ ಹಾಗೆ ಚುಕ್ಕಿಗೆ ಬಾಲ ಬರುತ್ತದೆ, ಸರಿದಷ್ಟೂ ಬಾಲ ಉದ್ದ. ಇದಕ್ಕೇ ಕೋಮಾ ಅನ್ನುವುದು. ಬಾಲ ಕಣ್ಣಿಗೆ ಬೀಳದಷ್ಟು ಸಣ್ಣದಿರುವ ವಲಯ ಎಷ್ಟು ದೊಡ್ಡದು? ಹವ್ಯಾಸಿಗಳು ಬಳಸುವ ಲೆಕ್ಕ ಸುಲಭ. ಎಫ್ ಸಂಖ್ಯೆಯ ಘನವನ್ನು (ಎಫ್/4 ಆದರೆ 4×4×4) 0.022ರಿಂದ ಗುಣಿಸಿದರೆ ವಲಯದ ಅಡ್ಡಗಲ ಮಿಲಿಮೀಟರಿನಲ್ಲಿ ಸಿಗುತ್ತದೆ. ಎಫ್/8ಕ್ಕೆ 11 ಮಿ.ಮೀ. ಎಫ್/6ಕ್ಕೆ 4.75. ಎಫ್/5ಕ್ಕೆ 2.75. ಎಫ್/4ಕ್ಕೆ ಬರೀ 1.4. ಅಡುಗೆಮನೆ ಲೆಕ್ಕದಲ್ಲಿ ಹೇಳಬೇಕೆಂದರೆ ಹಳೇ ಟೆಲಿಸ್ಕೋಪಿನಲ್ಲಿ ನನಗಿದ್ದದ್ದು ನೆನೆಸಿದ ಕಾಬೂಲಿ ಕಡಲೆಯಷ್ಟು ಜಾಗ, ಹೊಸದರಲ್ಲಿ ಸಾಸಿವೆ ಕಾಳಿನಷ್ಟು. ಎಫ್ ಅರ್ಧ ಆಯಿತು, ಜಾಗ ಎಂಟನೇ ಒಂದು ಭಾಗಕ್ಕೆ ಇಳಿಯಿತು.

ಈ ಲೆಕ್ಕದಲ್ಲಿ ಕನ್ನಡಿಯ ಗಾತ್ರ ಬರುವುದೇ ಇಲ್ಲ. ಇದು ನನಗೆ ಬಹಳ ದಿನ ಅರಗಲಿಲ್ಲ. ಕಾವಲೂರಿನ ವೇಣು ಬಾಪು ವೀಕ್ಷಣಾಲಯದ 2.34 ಮೀಟರ್ ಕನ್ನಡಿ ನಮ್ಮ ಬೆಂಗಳೂರಿನಲ್ಲೇ, ಭಾರತೀಯ ಖಭೌತ ಸಂಸ್ಥೆಯಲ್ಲಿ ಉಜ್ಜಿ ಹೊಳಪು ಕೊಟ್ಟದ್ದು. ಅದು ಎಫ್/3.25. ಬರೀ ಕನ್ನಡಿಯನ್ನೇ ಲೆಕ್ಕಕ್ಕೆ ತಗೊಂಡರೆ ಆಳೆತ್ತರಕ್ಕಿಂತ ಜಾಸ್ತಿ ಅಗಲದ ಆ ಗಾಜಿಗೆ ಸಿಗುವ ಚೊಕ್ಕ ಜಾಗ ಮುಕ್ಕಾಲು ಮಿಲಿಮೀಟರ್!

ಸರಿ, ಸಾಸಿವೆ ಕಾಳು. ನನ್ನ ಐಪೀಸಿನ ನಡುಭಾಗ ಆ ಸಾಸಿವೆಯ ಮೇಲೆ ಕೂರಬೇಕು. ಇದಕ್ಕಾಗಿ ನಾನು ಏನು ಮಾಡಿದ್ದೆ ಅಂತ ಹೇಳಿದರೆ ನಗಬಾರದು. ಮೂರು ಭಾನುವಾರ ಸಣ್ಣ ಕನ್ನಡಿಯ ಹಿಂದೆ ಬಿದ್ದಿದ್ದೆ.

ಸಣ್ಣ ಕನ್ನಡಿ ಅಂದರೆ ಕೊಳವೆಯ ಬಾಯಲ್ಲಿ 45 ಡಿಗ್ರಿ ಓರೆಯಾಗಿ ಕೂತು, ಬೆಳಕನ್ನು ಪಕ್ಕದ ಫೋಕಸರಿಗೆ ತಿರುಗಿಸುವ ಅಂಡಾಕಾರದ ಚಪ್ಪಟೆ ಕನ್ನಡಿ. ನನ್ನದು 63 ಮಿ.ಮೀ. ಫೋಕಸರಿನಿಂದ ಇಣುಕಿದರೆ ಅದು ದುಂಡಗೆ, ನಟ್ಟನಡುವೆ ಕಾಣಬೇಕು. ನನ್ನದು ಕೋಳಿಮೊಟ್ಟೆಯ ಹಾಗೆ ಕಾಣುತ್ತಿತ್ತು. ನಡುವಿನ ಬೋಲ್ಟು ಸಡಿಲಿಸಿ ತಿರುಗಿಸು, ಮೂರು ಪುಟ್ಟ ಸ್ಕ್ರೂ ಬಿಗಿ ಮಾಡು, ಇಣುಕು. ಬಿಗಿ ಮಾಡಿದ ತಕ್ಷಣ ಕನ್ನಡಿ ತಾನೇ ತಿರುಗಿಬಿಡುತ್ತಿತ್ತು. ಸ್ಕ್ರೂಗಳ ತುದಿ ಅಲ್ಯೂಮಿನಿಯಂ ಹಿಡಿಕೆಯಲ್ಲಿ ಸಣ್ಣ ಸಣ್ಣ ಗುಳಿ ಕೊರೆದಿದ್ದವು. ಪ್ರತಿ ಸಲ ಅದೇ ಗುಳಿಗೆ ಜಾರಿ ಕೂರುತ್ತಿದ್ದವು. ಅಡುಗೆ ಎಣ್ಣೆ ಕ್ಯಾನಿನ ಪ್ಲಾಸ್ಟಿಕ್ ಕತ್ತರಿಸಿ ಎರಡು ವಾಷರ್ ಮಾಡಿ ನಡುವೆ ಇಟ್ಟ ಮೇಲೆ ಅದು ನಿಂತಿತು. ಐದು ನಿಮಿಷದ ಕೆಲಸ, ಎರಡು ವಾರ ಆದ ಮೇಲೆ ಹೊಳೆಯಿತು.

ಒಂದು ಸಲ ಆರು ಮೂಲೆಯ ಕೀಲಿ ಕೈಜಾರಿ ಕೊಳವೆಯೊಳಗೆ ಟಣ್ ಅಂತ ಬಿತ್ತು. ಪುಣ್ಯಕ್ಕೆ ಕೊಳವೆಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದ್ದೆ. ನಿಲ್ಲಿಸಿದ್ದರೆ ನೇರ ಮುಖ್ಯ ಕನ್ನಡಿಯ ಮೇಲೆ. ಆವತ್ತಿನಿಂದ ಕೀಲಿಗೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತೇನೆ.

ಇನ್ನೊಂದು ಭಾನುವಾರ ಇಲ್ಲದ ತಪ್ಪನ್ನು ಸರಿಪಡಿಸುವುದರಲ್ಲೇ ಕಳೆಯಿತು. ಎಲ್ಲ ಜೋಡಿಸಿದ ಮೇಲೂ, ಸಣ್ಣ ಕನ್ನಡಿಯ ಕಪ್ಪು ನೆರಳು ಮುಖ್ಯ ಕನ್ನಡಿಯ ಬಿಂಬದಲ್ಲಿ ನಡುವೆ ಇರಲಿಲ್ಲ, ಒಂದು ಕಡೆ ಸರಿದಿತ್ತು. ಅದನ್ನು ನಡುವೆ ತರಲು ಹೋಗಿ ಮಾಡಿದ್ದನ್ನೆಲ್ಲ ಹಾಳು ಮಾಡಿಕೊಂಡೆ. ಎಫ್/4ರಲ್ಲಿ ಅದು ಸರಿದಿರುವುದೇ ಸರಿ. ಬೆಳಕಿನ ಶಂಕು ಕೆಳಗೆ ಅಗಲ, ಮೇಲೆ ಕಿರಿದು. ಓರೆ ಕನ್ನಡಿಯ ಕೆಳಗಿನ ಅರ್ಧಕ್ಕೆ ಜಾಸ್ತಿ ಅಗಲದ ಶಂಕು ಬೀಳುತ್ತದೆ. ಅದಕ್ಕೇ ಕನ್ನಡಿಯನ್ನು ಮುಖ್ಯ ಕನ್ನಡಿಯ ಕಡೆಗೂ ಫೋಕಸರಿನಿಂದ ಆಚೆಗೂ ಸ್ವಲ್ಪ ಸರಿಸಿ ಕೂರಿಸುತ್ತಾರೆ. ಸರಿಸುವ ಅಳತೆ ಸುಮಾರಾಗಿ ಕನ್ನಡಿಯ ಅಗಲವನ್ನು ಎಫ್‌ನ ನಾಲ್ಕರಷ್ಟರಿಂದ ಭಾಗಿಸಿದಷ್ಟು. ನನ್ನದಕ್ಕೆ 63 ಭಾಗಿಸು 16, ಹತ್ತಿರ ಹತ್ತಿರ 4 ಮಿ.ಮೀ. ಹಳೇ ಎಫ್/8ರಲ್ಲಿ ಇದು ಕಣ್ಣಿಗೇ ಬೀಳುತ್ತಿರಲಿಲ್ಲ, ಹಾಗಾಗಿ ನನಗೆ ಗೊತ್ತೂ ಇರಲಿಲ್ಲ.

ಈಗ ಆ ಮೂರು ಭಾನುವಾರಗಳ ಬೆಲೆ ಹೇಳುತ್ತೇನೆ. ಫೋಕಸರಿನ ಅಕ್ಷ ಸಣ್ಣ ಕನ್ನಡಿಯಲ್ಲಿ ತಿರುಗಿ ಹೋಗಿ ಮುಖ್ಯ ಕನ್ನಡಿಯ ನಡುವಿಗೆ ಬೀಳಬೇಕು. ಬೀಳದಿದ್ದರೆ? ಕೋಮಾ ಸರಿಪಡಿಸುವ ಲೆನ್ಸ್ ಬಳಸದವರಿಗೆ ಕನ್ನಡಿ ಅಗಲದ ನೂರಕ್ಕೆ 3ರಷ್ಟು ತಪ್ಪು ನಡೆಯುತ್ತದೆ. 200 ಮಿ.ಮೀ. ಕನ್ನಡಿಗೆ 6 ಮಿ.ಮೀ. ಇನ್ನು ಮುಖ್ಯ ಕನ್ನಡಿಯ ಅಕ್ಷ ಐಪೀಸಿನ ನಡುವಿಗೆ ಬೀಳಬೇಕಾದದ್ದು? ಸಾಸಿವೆಯ ಅಂಚಿಗೆ ಹೋದರೂ ಆಗಬಹುದು ಅಂದರೆ 0.7 ಮಿ.ಮೀ. ಗ್ರಹ ನೋಡುವವರು ಅದರ ಅರ್ಧಕ್ಕೆ ನಿಲ್ಲಿಸುತ್ತಾರೆ, 0.35. ಒಂದು ಕಡೆ 6, ಇನ್ನೊಂದು ಕಡೆ ಮೂರನೇ ಒಂದು ಮಿಲಿಮೀಟರ್. ನಾನು 6ರ ಕಡೆ ಮೂರು ಭಾನುವಾರ ಕೂತಿದ್ದೆ, ಮೂರನೇ ಒಂದರ ಕಡೆ ಹತ್ತು ನಿಮಿಷ.

ಮುಖ್ಯ ಕನ್ನಡಿಯ ಹಿಂದೆ ಅದನ್ನು ವಾಲಿಸಲು ಮೂರು ಎಂ6, ಅಂದರೆ 6 ಮಿ.ಮೀ. ದಪ್ಪದ ಬೋಲ್ಟುಗಳಿವೆ. ಎಂ6 ಬೋಲ್ಟು ಒಂದು ಸುತ್ತಿಗೆ 1 ಮಿ.ಮೀ. ಮುಂದೆ ಹೋಗುತ್ತದೆ. ಬೋಲ್ಟುಗಳು ನಡುವಿನಿಂದ 80 ಮಿ.ಮೀ. ದೂರ, ಅಂದರೆ ಒಂದು ಬೋಲ್ಟಿನಿಂದ ಉಳಿದೆರಡನ್ನು ಸೇರಿಸುವ ಗೆರೆಗೆ 120 ಮಿ.ಮೀ. ಒಂದು ಸುತ್ತು ತಿರುಗಿಸಿದರೆ ಕನ್ನಡಿ 120ರಲ್ಲಿ ಒಂದು ಪಾಲು ವಾಲುತ್ತದೆ. 800 ಮಿ.ಮೀ. ದೂರದ ನಾಭಿಯಲ್ಲಿ ಅಕ್ಷ ಆರೂವರೆ ಮಿಲಿಮೀಟರಿಗಿಂತ ಜಾಸ್ತಿ ಸರಿಯುತ್ತದೆ. ಹಾಗಾದರೆ 0.35 ಮಿ.ಮೀ. ಅಂದರೆ ಬೋಲ್ಟಿನ ಎಷ್ಟು ತಿರುವು? ಸುಮಾರು 19 ಡಿಗ್ರಿ. ಗಡಿಯಾರದ ನಿಮಿಷದ ಮುಳ್ಳು ಮೂರು ನಿಮಿಷದಲ್ಲಿ ಸರಿಯುವಷ್ಟು. ನಾನು ಆವತ್ತು ತಾರಸಿಯಲ್ಲಿ ಕತ್ತಲಲ್ಲಿ ಅರ್ಧರ್ಧ ಸುತ್ತು ತಿರುಗಿಸುತ್ತಾ ಕೂತಿದ್ದೆ. ಆಮೇಲೆ ಮರದ ದೊಡ್ಡ ಗುಂಡಿ ಮಾಡಿ ಬೋಲ್ಟುಗಳಿಗೆ ಹಾಕಿದೆ, ಅಂಚಿಗೆ ಬಿಳಿ ಬಣ್ಣದ ಗೆರೆ ಎಳೆದೆ. ಬೆರಳಿಗೆ ಎಷ್ಟು ತಿರುಗಿತು ಅಂತ ಗೊತ್ತಾಗುವುದೇ ದೊಡ್ಡ ಸಹಾಯ.

ಹತ್ತು ನಿಮಿಷದಲ್ಲಿ ಜೋಡಿಸಿದ್ದೆ ಅಂದೆನಲ್ಲ, ಅದು ಲೇಸರಿನ ಕೃಪೆ. ಕನ್ನಡಿಗಳ ಜೋಡಣೆ ನೋಡಲು ಬಳಸುವ ಅಗ್ಗದ ಲೇಸರ್ ಕಾಲಿಮೇಟರ್ ಒಂದು ತರಿಸಿಕೊಂಡಿದ್ದೆ. ಫೋಕಸರಿಗೆ ಹಾಕಿದರೆ ಕೆಂಪು ಕಿರಣ ಮುಖ್ಯ ಕನ್ನಡಿಯ ನಡುವಿನ ಗುರುತಿಗೆ ಬಿದ್ದು, ವಾಪಸ್ ಬಂದು, ಲೇಸರಿನದ್ದೇ ಮುಖದ ಮೇಲಿನ ಗುರಿಫಲಕಕ್ಕೆ ಬೀಳಬೇಕು. ವಾಪಸ್ ಬಂದದ್ದು ನಟ್ಟನಡುವೆ ಬಿತ್ತು, ನಾನು ಕೈ ತೊಳೆದುಕೊಂಡೆ. ಆದರೆ ಲೇಸರನ್ನು ತೆಗೆದು ಮತ್ತೆ ಹಾಕಿದರೆ ಕೆಳಗಿನ ಕೆಂಪು ಚುಕ್ಕಿ ಇನ್ನೊಂದು ಕಡೆ ಬೀಳುತ್ತಿತ್ತು. ಫೋಕಸರಿನ ತೂತು ಲೇಸರಿಗಿಂತ ಕೂದಲೆಳೆ ದೊಡ್ಡದು. ಪಕ್ಕದ ಸ್ಕ್ರೂ ಬಿಗಿ ಮಾಡಿದಂತೆಲ್ಲ ಲೇಸರ್ ವಾಲುತ್ತದೆ. ಅಳೆದು ನೋಡಿದೆ. ಗುರುತಿನಿಂದ 4 ಮಿ.ಮೀ. ಆಚೆ. ಗುರುತು ಬಿಟ್ಟು ಬಿದ್ದ ಕಿರಣವನ್ನು ನಂಬಿ ಕನ್ನಡಿ ತಿರುಗಿಸಿದರೆ, ಆ ತಪ್ಪಿನ ಅರ್ಧದಷ್ಟು ಅಕ್ಷ ತಪ್ಪುತ್ತದೆ. 2 ಮಿ.ಮೀ. ನಮಗಿರುವುದೇ 0.35!

ಇದಕ್ಕೆ ಮದ್ದು ಹೊಸ ಲೇಸರ್ ಅಲ್ಲ. ನಿಲ್ಸ್ ಊಲೋಫ್ ಕಾರ್ಲಿನ್ ಎಂಬ ಸ್ವೀಡನ್ನಿನ ಹವ್ಯಾಸಿ ಕಂಡುಕೊಂಡ ಒಂದು ಉಪಾಯ ಇದೆ. 2003ರಲ್ಲಿ ಸ್ಕೈ ಅಂಡ್ ಟೆಲಿಸ್ಕೋಪ್ ಪತ್ರಿಕೆಯಲ್ಲಿ ಬಂದದ್ದು. ಲೇಸರಿನ ಮುಂದೆ ಒಂದು ಬಾರ್ಲೋ ಲೆನ್ಸ್ (ಬಿಂಬ ಇನ್ನಷ್ಟು ಹಿಗ್ಗಿಸಲು ಐಪೀಸಿನ ಜೊತೆ ಹಾಕುವ ಲೆನ್ಸ್) ಇಡಿ, ಅಷ್ಟೇ. ಸೂಜಿಯಂಥ ಕಿರಣ ಹರಡಿ ದೊಡ್ಡ ಮಚ್ಚೆಯಾಗುತ್ತದೆ. ಕನ್ನಡಿಯ ನಡುವೆ ಅಂಟಿಸಿರುವ ರಿಂಗ್ ಸ್ಟಿಕರಿನ ನೆರಳು ವಾಪಸ್ ಬರುತ್ತದೆ. ಆ ನೆರಳನ್ನು ನಡುವೆ ತಂದರೆ ಆಯಿತು. ಲೇಸರ್ ಸ್ವಲ್ಪ ವಾಲಿದ್ದರೂ ಚಿಂತೆಯಿಲ್ಲ, ಏಕೆಂದರೆ ನಾವೀಗ ನೋಡುತ್ತಿರುವುದು ಕಿರಣವನ್ನಲ್ಲ, ಗುರುತಿನ ನೆರಳನ್ನು. ನಾನು ಬಾರ್ಲೋದ ಬಾಯಿಗೆ ಮದುವೆ ಕಾಗದದ ದಪ್ಪ ರಟ್ಟಿನ ಬಿಲ್ಲೆ ಕತ್ತರಿಸಿ, ನಡುವೆ ತೂತು ಮಾಡಿ, ಸುತ್ತ ಪೆನ್ಸಿಲಿನಲ್ಲಿ ಉಂಗುರ ಎಳೆದು ಅಂಟಿಸಿದೆ. ಅದೇ ಪರದೆ. ಇನ್ನೊಂದು ಲಾಭ ಏನೆಂದರೆ ಅಕ್ಷ ಅರ್ಧ ಮಿಲಿಮೀಟರ್ ತಪ್ಪಿದರೆ ನೆರಳು ಒಂದು ಮಿಲಿಮೀಟರ್ ಸರಿಯುತ್ತದೆ. ತಪ್ಪು ದುಪ್ಪಟ್ಟಾಗಿ ಕಾಣುತ್ತದೆ.

ಈ ನೆರಳೇ ಮುಂದಿನ ಕಳ್ಳನನ್ನೂ ಹಿಡಿದುಕೊಟ್ಟಿತು. ಕೊಳವೆಯನ್ನು ಮಲಗಿಸಿ ನೆರಳನ್ನು ನಡುವೆ ತಂದು, ಹಾಗೇ ಮೇಲಕ್ಕೆತ್ತಿದೆ. ನೆರಳು ನೋಡುತ್ತಿದ್ದ ಹಾಗೆ ಪಕ್ಕಕ್ಕೆ ಜಾರಿತು. ಪೂರ್ತಿ 5 ಮಿ.ಮೀ. ಗುರುಗ್ರಹ ಆ ತಿಂಗಳು ಮಧ್ಯರಾತ್ರಿಗೆ ನಮ್ಮ ನೆತ್ತಿಯ ಹತ್ತಿರವೇ ಬರುತ್ತಿತ್ತು. ನಾನು ಜೋಡಿಸುತ್ತಿದ್ದದ್ದು ಮಲಗಿದ ಕೊಳವೆಯನ್ನು, ನೋಡುತ್ತಿದ್ದದ್ದು ನಿಂತ ಕೊಳವೆಯಲ್ಲಿ!

ಕನ್ನಡಿಯ ತೂಕ 1.8 ಕೆ.ಜಿ. ಮಲಗಿರುವಾಗ ಸ್ಪ್ರಿಂಗುಗಳ ಮೇಲೆ ಭಾರ ಇಲ್ಲ. ನಿಂತಾಗ ಅಷ್ಟೂ ಭಾರ ಮೂರು ಸ್ಪ್ರಿಂಗುಗಳ ಮೇಲೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ ನನ್ನ ಮೆತ್ತನೆ ಸ್ಪ್ರಿಂಗುಗಳು ಒಂದೇ ಸಮ ಕುಗ್ಗುತ್ತಿರಲಿಲ್ಲ. ಜೆ.ಸಿ. ರಸ್ತೆಗೆ ಹೋಗಿ ಬೈಕ್ ಇಂಜಿನ್ನಿನ ವಾಲ್ವ್ ಸ್ಪ್ರಿಂಗ್ ಮೂರು ಕೇಳಿದೆ. 'ಯಾವ ಗಾಡಿ?' ಅಂದರು. ಟೆಲಿಸ್ಕೋಪಿಗೆ ಅಂದರೆ ಅಂಗಡಿಯವರು ನನ್ನ ಮುಖ ನೋಡಿ, ಆಮೇಲೆ ಡಬ್ಬಿ ತುಂಬಾ ಸ್ಪ್ರಿಂಗು ಸುರಿದು 'ಆರಿಸ್ಕೊಳ್ಳಿ' ಅಂದರು. ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ನೋಡಿ ಒಂದೇ ಬಿಗಿಯ ಮೂರು ತಂದೆ. ಜೊತೆಗೆ ಕನ್ನಡಿಯ ಪಕ್ಕದಲ್ಲಿ ಒಂದೂವರೆ ಮಿಲಿಮೀಟರ್ ಸಡಿಲ ಇತ್ತು, ಗಾಜು ಅತ್ತಿತ್ತ ಜರುಗುತ್ತಿತ್ತು. ಕನ್ನಡಿ ಪಕ್ಕಕ್ಕೆ ಜರುಗಿದರೆ ಅಕ್ಷವೂ ಅಷ್ಟೇ ಜರುಗುತ್ತದಲ್ಲ. ಹಿಂದೆ ಮೂರು ಕಡೆ ಸಿಲಿಕೋನ್ ಅಂಟು ಹಾಕಿ ಕೂರಿಸಿದೆ. ಈಗ ಕೊಳವೆಯನ್ನು ಮಲಗಿಸಿ ಎಬ್ಬಿಸಿದರೆ ನೆರಳು ಒಂದು ಮಿಲಿಮೀಟರಿಗಿಂತ ಕಡಿಮೆ ಅಲ್ಲಾಡುತ್ತದೆ.

ಇಷ್ಟೆಲ್ಲ ಆಗುವಾಗ ಡಿಸೆಂಬರ್ ಕೊನೆಯ ವಾರ. ಮತ್ತೆ ತಾರಸಿ. ಗಡ್ಡ ಹೋಗಿತ್ತು. ಗುರುವಿನ ಎರಡು ಪಟ್ಟಿಗಳು ಕಂಡವು. ಆದರೆ ಉಪಗ್ರಹಗಳು ಇನ್ನೂ ಚುಕ್ಕಿಯಾಗಿರಲಿಲ್ಲ. ಗೊದಮೊಟ್ಟೆ ಹೋಗಿ ಜೀರಿಗೆ ಕಾಳಾಗಿದ್ದವು.

ಇಂಥ ಹೊತ್ತಿಗೆ ನಕ್ಷತ್ರ ಪರೀಕ್ಷೆ ಮಾಡಬೇಕು. ಧ್ರುವ ನಕ್ಷತ್ರವನ್ನು ನೋಡಿ, ಅದು ಜರುಗುವುದಿಲ್ಲ ಅಂತ ಓದಿದ್ದೆ. ಬರೆದವರು ಉತ್ತರದ ದೇಶದವರು. ಬೆಂಗಳೂರಿನಲ್ಲಿ ಧ್ರುವ ದಿಗಂತದಿಂದ 13 ಡಿಗ್ರಿ ಮೇಲೆ. ನನ್ನ ತಾರಸಿಯಿಂದ ನೋಡಿದರೆ ಅಲ್ಲಿರುವುದು ಎದುರು ಮನೆಯ ತೆಂಗಿನಮರ ಮತ್ತು ಸಿಂಟೆಕ್ಸ್ ಟ್ಯಾಂಕ್. ನಕ್ಷತ್ರ ಕಂಡ ದಿನವೂ ಹಬೆಯಲ್ಲಿ ಅಲ್ಲಾಡುತ್ತಿರುತ್ತದೆ. ಬ್ರಹ್ಮಹೃದಯವನ್ನು ಹಿಡಿದೆ. ಫೋಕಸ್ ತೀರಾ ಸ್ವಲ್ಪ ಕೆಡಿಸಿದರೆ ನಕ್ಷತ್ರದ ಸುತ್ತ ಉಂಗುರಗಳು ಮೂಡುತ್ತವೆ. ಅವು ಒಂದರೊಳಗೊಂದು ಸಮನಾಗಿ ಕೂರಬೇಕು. ನಾನು ಮೊದಲು ಫೋಕಸ್ ಜಾಸ್ತಿ ಕೆಡಿಸಿ, ದೊಡ್ಡ ಉದ್ದಿನವಡೆ ಮಾಡಿ, ತೂತು ನಡುವೆ ಇದೆ ಅಂತ ಖುಷಿಪಟ್ಟೆ. ವಡೆ ದೊಡ್ಡದಾದಷ್ಟೂ ತಪ್ಪು ಅಡಗುತ್ತದೆ. ಫೋಕಸ್ ಹತ್ತಿರ ಬಂದಾಗ ಉಂಗುರಗಳೆಲ್ಲ ಒಂದು ಕಡೆ ಒತ್ತಿಕೊಂಡಿದ್ದವು.

ನೆರಳು ಸರಿ ಇದೆ ಅನ್ನುತ್ತಿದೆ, ನಕ್ಷತ್ರ ಇಲ್ಲ ಅನ್ನುತ್ತಿದೆ. ಮತ್ತೆ ಬಾರ್ಲೋ ಲೇಸರ್ ಹಾಕಿ ನೋಡಿದೆ. ನೆರಳು ಪೆನ್ಸಿಲ್ ಉಂಗುರದ ಒಳಗೇ ಇದೆ. ಬೇಜಾರಾಗಿ ಗುರುವನ್ನೇ 200 ಪಟ್ಟು ಹಿಗ್ಗಿಸಿ ಇಟ್ಟು, ಚಹಾ ತರಲು ಕೆಳಗೆ ಹೋದೆ. ಬಂದು ನೋಡಿದರೆ ಗ್ರಹ ಆಚೆ ಹೋಗಿತ್ತು. ನನ್ನದಕ್ಕೆ ಮೋಟಾರಿಲ್ಲ, ಭೂಮಿ ತಿರುಗಿದ ಹಾಗೆ ಎಲ್ಲವೂ ಜಾರಿ ಹೋಗುತ್ತದೆ. ಮತ್ತೆ ಹುಡುಕಿ ನೋಟದ ಅಂಚಿನಲ್ಲಿ ಇಟ್ಟು, ಕೈ ಬಿಟ್ಟು, ಸುಮ್ನೆ ಜಾರುವುದನ್ನೇ ನೋಡುತ್ತಾ ಚಹಾ ಕುಡಿದೆ.

ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದು ನಿಮಿಷ ಚಿಲ್ಲರೆ. ಮೊದಲು ಉಪಗ್ರಹಗಳು ಜೀರಿಗೆ. ನಡುವಿಗೆ ಬಂದಾಗಲೂ ಜೀರಿಗೆ. ನಡು ದಾಟಿ, ಇನ್ನೊಂದು ಅಂಚಿಗೆ ಅರ್ಧದಾರಿ ಹೋಗುವಾಗ, ಯಾರೋ ಫೋಕಸ್ ತಿರುಗಿಸಿದ ಹಾಗೆ ಅವು ಸಾಸಿವೆಯಾದವು! ಗುರುವಿನ ಪಟ್ಟಿಗಳ ಅಂಚು ಗೀರಿದ ಹಾಗೆ ಚೂಪಾಯಿತು. ಕೆಲವು ಸೆಕೆಂಡು ಹಾಗೇ ಇತ್ತು. ಅಂಚಿಗೆ ಬರುವಾಗ ಮತ್ತೆ ಜೀರಿಗೆ, ಈ ಸಲ ಬಾಲ ಇನ್ನೊಂದು ಕಡೆಗೆ.

ಚಹಾ ಆರಿಹೋಯಿತು. ಏಳೆಂಟು ಸಲ ಗ್ರಹವನ್ನು ಅದೇ ದಾರಿಯಲ್ಲಿ ಜಾರಿಬಿಟ್ಟೆ. ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಅಳೆದೆ. ಚೊಕ್ಕ ಜಾಗ ದಾಟಲು ಇಪ್ಪತ್ತೈದು ಸೆಕೆಂಡಿನ ಆಸುಪಾಸು. ಆ ರಾತ್ರಿಯೇ ಕಾಗದ ತಗೊಂಡು ಲೆಕ್ಕ ಹಾಕಿದೆ. ಆ ಐಪೀಸಿನ ನೋಟ ನಾಭಿಯಲ್ಲಿ ಸುಮಾರು 3.6 ಮಿ.ಮೀ. ಅಗಲ. ಚೊಕ್ಕ ಜಾಗ 1.4 ಮಿ.ಮೀ., ಪುಸ್ತಕದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಸಾಸಿವೆ ಕಾಳನ್ನು ನಾನು ಕಣ್ಣಾರೆ ನೋಡಿದ್ದೆ. ಅದು ನಡುವಿನಿಂದ 1 ಮಿ.ಮೀ. ಪಕ್ಕದಲ್ಲಿ ಕೂತಿತ್ತು, ಅಷ್ಟೇ.

ಅಕ್ಷ 1 ಮಿ.ಮೀ. ತಪ್ಪಿದೆ, ಆದರೆ ಗುರುತಿನ ನೆರಳು ಸರಿಯಿದೆ. ಹಾಗಾದರೆ ಗುರುತೇ ತಪ್ಪು ಜಾಗದಲ್ಲಿದೆಯಾ? ಆಗಲೇ ಹೇಳಿದ ಅರ್ಧದ ಲೆಕ್ಕ ಇಲ್ಲೂ ನಡೆಯುತ್ತದೆ. ಅಕ್ಷ 1 ತಪ್ಪಬೇಕಾದರೆ ಗುರುತು 2 ತಪ್ಪಿರಬೇಕು. ಬೆಳಗ್ಗೆ ಕನ್ನಡಿ ಬಿಚ್ಚಿದೆ. ಸಿಲಿಕೋನ್ ಅಂಟು ಕತ್ತರಿಸುವಾಗ ಹೊಟ್ಟೆ ಉರಿಯಿತು. ಸ್ಟೀಲ್ ಸ್ಕೇಲನ್ನು ಗಾಜಿಗೆ ತಾಗದ ಹಾಗೆ ಮೇಲೆ ಹಿಡಿದು ಅಳೆದೆ. ಸ್ಟಿಕರಿನ ನಡುವಿನಿಂದ ಒಂದು ಅಂಚಿಗೆ 98. ಎದುರು ಅಂಚಿಗೆ 102.

ಆ ಸ್ಟಿಕರ್ ಅಂಟಿಸಿದ ದಿನ ನೆನಪಾಯಿತು. ಕಂಪ್ಯೂಟರಿನಲ್ಲಿ 200 ಮಿ.ಮೀ. ವೃತ್ತ ಬರೆದು, ನಡುವೆ ಚುಕ್ಕಿ ಇಟ್ಟು, ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯ ಮೇಲೆ ಪ್ರಿಂಟ್ ತಗೊಂಡಿದ್ದೆ. ಎ4 ಹಾಳೆಯ ಅಗಲ 210. ಪ್ರಿಂಟರ್ ಅಂಚು ಬಿಡಬೇಕಲ್ಲ, ತಾನೇ ವೃತ್ತವನ್ನು ಸ್ವಲ್ಪ ಕುಗ್ಗಿಸಿಬಿಟ್ಟಿತ್ತು. ವೃತ್ತ 194 ಬಂದಿತ್ತು. ಸುತ್ತ ಮೂರು ಮೂರು ಮಿಲಿಮೀಟರ್ ಬಿಟ್ಟು ನಡುವೆ ಇಟ್ಟರಾಯಿತು ಅಂತ ಕಣ್ಣಳತೆಯಲ್ಲೇ ಇಟ್ಟಿದ್ದೆ. ರಾತ್ರಿ ಹನ್ನೊಂದಾಗಿತ್ತು. ಒಂದು ಕಡೆ 5, ಎದುರು ಕಡೆ 1 ಬಿಟ್ಟಿದ್ದೆ ಅಂತ ಈಗ ಗೊತ್ತಾಯಿತು. ಆಮೇಲಿನ ಐದು ವಾರ ಲೇಸರ್, ವಾಷರ್, ಸ್ಪ್ರಿಂಗ್, ಎಲ್ಲದರ ಮೇಲೂ ಅನುಮಾನಪಟ್ಟೆ. ಈ ಸ್ಟಿಕರಿನ ಮೇಲೆ ಮಾತ್ರ ಒಂದು ದಿನವೂ ಪಡಲಿಲ್ಲ. ಎಲ್ಲ ಅಳತೆಯನ್ನೂ ಅದರಿಂದಲೇ ಶುರು ಮಾಡುತ್ತಿದ್ದೆನಲ್ಲ.

ಹಳೇ ಎಫ್/8ರಲ್ಲಿ ಇದೇ ತಪ್ಪು ಮಾಡಿದ್ದರೆ? ಅಕ್ಷ 1 ಮಿ.ಮೀ. ತಪ್ಪುತ್ತಿತ್ತು, ಅಲ್ಲಿ 2.8ರವರೆಗೆ ಮಾಫಿ. ಬಹುಶಃ ಮಾಡಿಯೂ ಇದ್ದೇನೆ. ನೋಡಲು ಹೋಗಿಲ್ಲ.

ಸ್ಟಿಕರ್ ತೆಗೆಯಲು ಭಯವಾಯಿತು. ಅಲ್ಯೂಮಿನಿಯಂ ಲೇಪ ಕಿತ್ತು ಬಂದರೆ? ಆಮೇಲೆ ಸಮಾಧಾನ ಮಾಡಿಕೊಂಡೆ, ಕನ್ನಡಿಯ ನಡುವಿನ 63 ಮಿ.ಮೀ. ಹೇಗೂ ಸಣ್ಣ ಕನ್ನಡಿಯ ನೆರಳಲ್ಲಿದೆ, ಅಲ್ಲಿ ಗೀರು ಬಿದ್ದರೂ ನಷ್ಟವಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಬಿಟ್ಟು ಕಾಲು ಗಂಟೆ ಕಾದೆ. ತಾನೇ ಎದ್ದು ಬಂತು. ಈ ಸಲ ಪ್ರಿಂಟರಿನ ಸಹವಾಸ ಬೇಡ ಅಂತ ಪಾರದರ್ಶಕ ಒಎಚ್‌ಪಿ ಹಾಳೆಗಳನ್ನು ಜೋಡಿಸಿ, ಕೈವಾರದಲ್ಲೇ ಐದು ವೃತ್ತ ಬರೆದೆ. ಅಡ್ಡಗಲ 198, 199, 200, 201, 202. ಕನ್ನಡಿಯ ಅಂಚು ಯಾವ ಎರಡು ಗೆರೆಗಳ ನಡುವೆ ಸುತ್ತಲೂ ಒಂದೇ ಸಮ ಕೂರುತ್ತದೆ ಅಂತ ಭೂತಗನ್ನಡಿಯಲ್ಲಿ ನೋಡಿ, ಕೈವಾರದ ಮುಳ್ಳು ಚುಚ್ಚಿದ ತೂತಿನ ಮೂಲಕ ಮಾರ್ಕರಿನ ತುದಿ ತಾಗಿಸಿದೆ. ಬೆಳಗ್ಗೆ ಹತ್ತು ಗಂಟೆ, ಹೊಟ್ಟೆ ತುಂಬಾ ತಿಂಡಿ ತಿಂದು. ಹೊಸ ರಿಂಗ್ ಅಂಟಿಸಿದ ಮೇಲೆ ನಾಲ್ಕು ದಿಕ್ಕಿನಲ್ಲೂ ಅಳೆದೆ. ಅರ್ಧ ಮಿಲಿಮೀಟರಿನೊಳಗೆ ಬಂದಿತ್ತು.

ಜನವರಿ 18, ಶನಿವಾರ. ಮಂಗಳ ಎರಡು ದಿನದ ಹಿಂದಷ್ಟೇ ಸೂರ್ಯನಿಗೆ ಎದುರು ಬಂದಿದ್ದ, ಪುನರ್ವಸುವಿನ ಪಕ್ಕದಲ್ಲಿ ಕೆಂಪಗಿದ್ದ. ಒಂದು ಗಂಟೆ ಮುಂಚೆಯೇ ಟೆಲಿಸ್ಕೋಪನ್ನು ತಾರಸಿಯಲ್ಲಿ ಇಟ್ಟು ಕನ್ನಡಿ ತಣ್ಣಗಾಗಲು ಬಿಟ್ಟೆ. ಕೊಳವೆಯನ್ನು 50 ಡಿಗ್ರಿ ಎತ್ತಿ ನಿಲ್ಲಿಸಿ, ಬಾರ್ಲೋ ಲೇಸರ್ ಹಾಕಿ, ನೆರಳನ್ನು ನಡುವೆ ತಂದೆ. ಎರಡು ಗುಂಡಿ, ಒಂದಕ್ಕೆ ಬಿಳಿ ಗೆರೆ ಐದು ನಿಮಿಷದಷ್ಟು, ಇನ್ನೊಂದಕ್ಕೆ ಎರಡು. ಗುರುವನ್ನು ನೋಟದ ಅಂಚಿನಲ್ಲಿಟ್ಟು ಕೈ ಬಿಟ್ಟೆ. ಜೀರಿಗೆ, ಜೀರಿಗೆ, ನಡುವಿಗೆ ಬರುತ್ತಿದ್ದ ಹಾಗೆ ಸಾಸಿವೆ. ನಡು ದಾಟಿ ಸ್ವಲ್ಪ ದೂರ ಸಾಸಿವೆಯೇ, ಆಮೇಲೆ ಜೀರಿಗೆ.

ಪಕ್ಕದ ಮನೆ ಹುಡುಗನನ್ನು ಕೂಗಿದೆ. ಗುರು ಅಷ್ಟು ಹೊತ್ತಿಗೆ ನೆತ್ತಿಗೆ ಬಂದಿತ್ತು. ಅಲ್ಲಿ ಡಾಬ್ಸನ್ ಪೀಠ ಮೊಂಡು ಎತ್ತಿನ ಹಾಗೆ, ಯಾವ ಕಡೆ ತಳ್ಳಿದರೂ ಬರುವುದಿಲ್ಲ. ಹೇಗೋ ಸರಿಸಿ ತೋರಿಸಿದೆ. ಅವನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು, ಒಂದು ಕಣ್ಣು ಕೈಯಲ್ಲಿ ಮುಚ್ಚಿಕೊಂಡು, ಬಹಳ ಹೊತ್ತು ನೋಡಿದ. ಗ್ರಹ ಜಾರಿ ಹೋಯಿತು, ತಾನೇ ತಳ್ಳಿ ಮತ್ತೆ ಹಿಡಿದ. ನಾನು ಏನೂ ಕೇಳಲಿಲ್ಲ.

'ಹಳೇದಕ್ಕಿಂತ ಪರವಾಗಿಲ್ಲ' ಅಂದ. ಆಮೇಲೆ, 'ಆದ್ರೆ ನಡುವಲ್ಲೇ ಇಟ್ಕೊಂಡು ನೋಡ್ಬೇಕು, ಅಲ್ವಾ ಅಂಕಲ್?'